ಸಿಇಟಿ ರ‍್ಯಾಂಕ್ ಬಂತು, ಮನೆಯಲ್ಲಿ ಸಿವಿಲ್ ಬೇಡ ಅಂತಾರೆ. ಕೊಡಗಿನವರು ಏನಂತೀರಿ?

ಸುಂಟಿಕೊಪ್ಪ_ಮಳೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಪಿಯು ಮುಗಿಯಿತು. ಸಿಇಟಿ ರ‍್ಯಾಂಕ್ ತುಂಬಾ ಚೆನ್ನಾಗಿ ಬಂದಿಲ್ಲ, ಆದರೆ ಸಿವಿಲ್ ಸೀಟಿಗೆ ತೊಂದರೆ ಇಲ್ಲ ಅಂತ ನಮ್ಮ ಲೆಕ್ಚರರ್ ಹೇಳಿದರು. ಅಪ್ಪ ಮಾತ್ರ ಒಂದೇ ಹಟ. ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಮ್ಯಾನೇಜ್‌ಮೆಂಟ್ ಸೀಟು ತಗೊಳ್ಳೋಣ, ಸಾಲ ಆದರೂ ಪರವಾಗಿಲ್ಲ ಅಂತಾರೆ. ನನಗೆ ಆ ಸಾಲ ಬೇಡ. ಆದರೆ ಅದೊಂದೇ ಕಾರಣ ಅಲ್ಲ.

2018ರ ಆಗಸ್ಟ್‌ನಲ್ಲಿ ನಾನಿನ್ನೂ ಚಿಕ್ಕವಳು. ಮಕ್ಕಂದೂರು ಕಡೆ ನಮ್ಮ ಸೋದರಮಾವನ ಮನೆ ಇತ್ತು. ಹಿಂದಿನ ಬರೆ, ಅಂದರೆ ಗುಡ್ಡದ ಇಳಿಜಾರು, ಜರಿದು ಮನೆ, ಅರ್ಧ ತೋಟ ಎರಡೂ ಹೋದವು. ಹಿಂದಿನ ರಾತ್ರಿಯೇ ಅವರೆಲ್ಲ ನಮ್ಮ ಮನೆಗೆ ಬಂದಿದ್ದರಿಂದ ಜೀವ ಉಳಿಯಿತು. ಈಗ ಜಂಬೂರಿನಲ್ಲಿ ಸರ್ಕಾರ ಕೊಟ್ಟ ಮನೆಯಲ್ಲಿದ್ದಾರೆ. ಮಾವನ ಬರೆ ಹೋಯಿತು, ಪಕ್ಕದ ಬರೆಗೆ ಏನೂ ಆಗಲಿಲ್ಲ. ಅದೇ ಮಣ್ಣು, ಅದೇ ಮಳೆ. ಯಾಕೆ ಹೀಗೆ ಅಂತ ಅವತ್ತಿನಿಂದ ತಲೆಯಲ್ಲಿ ಕೂತಿದೆ. ಇದಕ್ಕೆ ಉತ್ತರ ಸಿವಿಲ್‌ನಲ್ಲಿ ಸಿಗುತ್ತದಾ? ಓದಿದ ಮೇಲೆ ಹೊಟ್ಟೆಪಾಡು ನಡೆಯುತ್ತದಾ? ದಯವಿಟ್ಟು ನೇರವಾಗಿ ಹೇಳಿ.

ಕಾಫಿ_ಕಣ

ನೇರವಾಗಿಯೇ ಹೇಳ್ತೇನೆ ಮಗಳೇ. ನನ್ನ ತಂಗಿಯ ಮಗ ಸಿವಿಲ್ ಓದಿದ. ಬೆಂಗಳೂರಿನ ಒಂದು ಕಂಪನಿಯ ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸೇರಿದ. ತಿಂಗಳಿಗೆ 14,000 ಸಂಬಳ, ಅದೂ ಎರಡೆರಡು ತಿಂಗಳು ತಡ. ಭಾನುವಾರವೂ ಸ್ಲ್ಯಾಬ್ ಕೆಲಸ. ಮೂರು ವರ್ಷ ಕಷ್ಟಪಟ್ಟು ಈಗ ತೋಟಕ್ಕೆ ವಾಪಸ್ ಬಂದಿದ್ದಾನೆ. ಅವನ ಜೊತೆ ಓದಿ ಸಾಫ್ಟ್‌ವೇರ್‌ಗೆ ಹೋದವರು ಅಷ್ಟರಲ್ಲಿ ಮನೆ ಸಾಲ ತೀರಿಸುತ್ತಿದ್ದರು. ನಿನ್ನ ಅಪ್ಪ ಹೆದರುವುದರಲ್ಲಿ ತಪ್ಪಿಲ್ಲ. ನನಗೂ ಮಗಳಿದ್ದಾಳೆ, ಅದಕ್ಕೇ ಹೇಳಿದೆ.

ಟೋಟಲ್_ಸ್ಟೇಷನ್

ನಾನು ವಿರಾಜಪೇಟೆಯವನು. ಬೆಂಗಳೂರು ಮೆಟ್ರೋ ಕಾಮಗಾರಿಯಲ್ಲಿ ಒಬ್ಬ ಗುತ್ತಿಗೆದಾರರ ಕೆಳಗೆ ಕೆಲಸ ಮಾಡುತ್ತೇನೆ. ಅಂಕಲ್ ಹೇಳಿದ್ದು ನಿಜ, ನನ್ನ ಮೊದಲ ಸಂಬಳ 16,000. ಇದನ್ನು ಮುಚ್ಚಿಡುವವರನ್ನು ನಂಬಬೇಡ ತಂಗಿ. ಸಿವಿಲ್‌ನಲ್ಲಿ ಮೊದಲ ಮೂರು ನಾಲ್ಕು ವರ್ಷ ದುಡ್ಡು ಕಡಿಮೆ, ಕಲಿಕೆ ಜಾಸ್ತಿ. ಆಮೇಲೆ ಏರುತ್ತದೆ. ಆದರೆ ತಾನಾಗಿ ಏರುವುದಿಲ್ಲ. ಅದೇ ಸೈಟಿನಲ್ಲಿ ಮೇಸ್ತ್ರಿ ಹಿಂದೆ ಸುಮ್ನೆ ನಿಂತವನು ಐದು ವರ್ಷ ಆದರೂ ಅಲ್ಲೇ ಇರುತ್ತಾನೆ. ಬಿಲ್ಲಿಂಗ್, ಪ್ಲ್ಯಾನಿಂಗ್, ಡಿಸೈನ್, ಕ್ವಾಲಿಟಿ, ಇವುಗಳಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿದವನು ಮುಂದೆ ಹೋಗುತ್ತಾನೆ. ನಾನು ಸರ್ವೆ ಹಿಡಿದೆ. ಕಂಬದ ಜಾಗ ನಾಲ್ಕೈದು ಮಿಲಿಮೀಟರ್ ಆಚೀಚೆ ಆದರೂ ಉತ್ತರ ಹೇಳಬೇಕಾದವನು ನಾನು. ಆ ಜವಾಬ್ದಾರಿ ನನಗೆ ಇಷ್ಟ.

ಓದು ಹೇಗಿರುತ್ತದೆ ಅಂದರೆ, ಮೊದಲ ವರ್ಷ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಗಣಿತ, ಭೌತಶಾಸ್ತ್ರ, ಸ್ವಲ್ಪ ಪ್ರೋಗ್ರಾಮಿಂಗ್. ಎರಡನೇ ವರ್ಷದಿಂದ ನಿಜವಾದ ಸಿವಿಲ್ ಶುರು. ಒಂದು ತೊಲೆ ಯಾಕೆ ಬಾಗುತ್ತದೆ, ನೀರು ಪೈಪಿನಲ್ಲಿ ಹೇಗೆ ಹರಿಯುತ್ತದೆ, ಮಣ್ಣು ಎಷ್ಟು ಭಾರ ಹೊರುತ್ತದೆ. ಆಮೇಲೆ ಆರ್‌ಸಿಸಿ, ಸ್ಟೀಲ್, ರಸ್ತೆ, ಎಸ್ಟಿಮೇಷನ್. ಲ್ಯಾಬಿನಲ್ಲಿ 150 ಮಿಲಿಮೀಟರ್ ಕಾಂಕ್ರೀಟ್ ಕ್ಯೂಬ್ ಹಾಕಿ 7 ದಿನಕ್ಕೆ, 28 ದಿನಕ್ಕೆ ಒಡೆದು ನೋಡುತ್ತೀರಿ. ನಾನು ಪುಸ್ತಕಕ್ಕಿಂತ ಜಾಸ್ತಿ ಕಲಿತಿದ್ದು ಸರ್ವೆ ಕ್ಯಾಂಪಿನಲ್ಲಿ. ನಮ್ಮ ಪಠ್ಯಕ್ರಮದಲ್ಲಿ ಹೊಸ ಕೆರೆ, ಹಳೆ ಕೆರೆಯ ದುರಸ್ತಿ, ಕುಡಿಯುವ ನೀರು, ಹೆದ್ದಾರಿ ಅಂತ ನಾಲ್ಕು ಯೋಜನೆ ಇತ್ತು. ಬಿಸಿಲಲ್ಲಿ ಸ್ಟಾಫ್ (ಅಳತೆ ಕೋಲು) ಹಿಡಿದು ನಿಂತ ಆ ದಿನಗಳಲ್ಲಿ ಅರ್ಧ ತರಗತಿಗೆ ಗೊತ್ತಾಯಿತು, ಈ ಕೆಲಸ ತಮಗೆ ಆಗುತ್ತದಾ ಇಲ್ಲವಾ ಅಂತ.

ಇನ್ನೊಂದು ಮಾತು. ನಕ್ಷೆ ಬರೆಯುವ ಆಟೋಕ್ಯಾಡ್ ಸಾಫ್ಟ್‌ವೇರ್ ಕಲಿತರೆ ಕೆಲಸ ಗ್ಯಾರಂಟಿ ಅಂತ ಕೋಚಿಂಗ್‌ನವರು ಹೇಳ್ತಾರೆ. ಅದು ಪೆನ್ಸಿಲ್ ಇದ್ದ ಹಾಗೆ, ಎಲ್ಲರ ಹತ್ತಿರವೂ ಇದೆ. ಇಟ್ಯಾಬ್ಸ್, ರೆವಿಟ್, ಪ್ರೈಮವೆರಾ ಅನ್ನುವ ಬೇರೆ ಸಾಫ್ಟ್‌ವೇರ್‌ಗಳೂ ಹಾಗೇ. ಒಳಗೆ ಏನು ಲೆಕ್ಕ ನಡೆಯುತ್ತಿದೆ ಅಂತ ಗೊತ್ತಿಲ್ಲದಿದ್ದರೆ ತಪ್ಪು ಉತ್ತರವನ್ನೇ ಚೆಂದವಾಗಿ ಪ್ರಿಂಟ್ ತೆಗೆಯುತ್ತೀರಿ, ಅಷ್ಟೇ.

ಕುಶಾಲನಗರ_ಡಿಪ್ಲೊಮಾ

ಪಿಯು ಮುಗಿಸಿದವರಿಗೆ ಇದು ತಡ ಆಯಿತು. ಆದರೂ ಎಸ್ಸೆಸ್ಸೆಲ್ಸಿ ಮಕ್ಕಳ ಅಪ್ಪ ಅಮ್ಮ ಓದುತ್ತಿದ್ದರೆ ಗೊತ್ತಿರಲಿ. ನಾನು ಕುಶಾಲನಗರದ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಿದೆ. ಡಿಪ್ಲೊಮಾ ಇದ್ದರೆ ಸರ್ಕಾರದ ಜೂನಿಯರ್ ಎಂಜಿನಿಯರ್ ಹುದ್ದೆಗೆ ಆಗಲೇ ಅರ್ಜಿ ಹಾಕಬಹುದು. ಪರವಾನಗಿ ಭೂಮಾಪಕರ ದಾರಿಯೂ ಇದೆ. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಜಮೀನು), ಪೋಡಿ (ಜಮೀನು ಭಾಗ ಮಾಡಿ ಅಳೆಯುವುದು), ಭೂಪರಿವರ್ತನೆ ಅಂತ ನಮ್ಮ ಜಿಲ್ಲೆಯಲ್ಲಿ ಸರ್ವೆಗೆ ಕಾಯುವವರ ಸಾಲು ಎಷ್ಟು ಉದ್ದ ಅಂತ ನಿಮಗೇ ಗೊತ್ತಲ್ವಾ.

ಹಾರಂಗಿ_ಹಳಬ

ನಾನು ನೀರಾವರಿ ಕಡೆ ಕೆಲಸ ಮಾಡಿ ನಿವೃತ್ತನಾದವನು. ಮಗು, ಕಾಫಿ ಕಣದವರು ಖಾಸಗಿ ಕೆಲಸದ ಕಷ್ಟ ಹೇಳಿದರು. ನಾನು ಸರ್ಕಾರಿ ದಾರಿ ಹೇಳುತ್ತೇನೆ.

ಕೆಪಿಎಸ್‌ಸಿ ಮೂಲಕ ಲೋಕೋಪಯೋಗಿ, ಜಲಸಂಪನ್ಮೂಲ, ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಗಳಿಗೆ ಸಹಾಯಕ ಎಂಜಿನಿಯರ್ ಆಗಬಹುದು. ಅದಕ್ಕೆ ಕನ್ನಡ ಪರೀಕ್ಷೆ ಪಾಸಾಗಬೇಕು, ನಮ್ಮೂರಿನ ಮಕ್ಕಳಿಗೆ ಅದು ಭಾರವಲ್ಲ. ತೊಂದರೆ ಏನೆಂದರೆ ಈ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ. ಬಂದರೂ ಪರೀಕ್ಷೆ, ಪಟ್ಟಿ, ಕೋರ್ಟು ಅಂತ ವರ್ಷಗಳು ಹೋಗುತ್ತವೆ. ಅದನ್ನೊಂದೇ ನಂಬಿ ಕೋಣೆಯಲ್ಲಿ ಕೂತು ವಯಸ್ಸು ಕಳೆದವರನ್ನು ನೋಡಿದ್ದೇನೆ. ಕೆಲಸ ಮಾಡುತ್ತಲೇ ಓದು.

ಕೇಂದ್ರದಲ್ಲಿ ಯುಪಿಎಸ್‌ಸಿ ನಡೆಸುವ ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ ಇದೆ. ಪ್ರಿಲಿಮ್ಸ್ 500 ಅಂಕ, ಮೇನ್ಸ್ 600, ಸಂದರ್ಶನ 200. ಕಷ್ಟದ ಪರೀಕ್ಷೆ, ಆದರೆ ಸಾಮಾನ್ಯವಾಗಿ ವರ್ಷ ವರ್ಷ ನಡೆಯುತ್ತದೆ. ಗೇಟ್ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಎಂ.ಟೆಕ್.ಗೆ ಐಐಎಸ್‌ಸಿ, ಸುರತ್ಕಲ್ ಎನ್‌ಐಟಿಕೆ ಕಡೆ ಪ್ರಯತ್ನ ಮಾಡಬಹುದು, ಜೊತೆಗೆ ತಿಂಗಳ ಸ್ಟೈಪೆಂಡ್ ಸಿಗುತ್ತದೆ. ಮೂರಕ್ಕೂ ಬೇಕಾಗುವ ಪುಸ್ತಕಗಳು ಮುಕ್ಕಾಲು ಪಾಲು ಅವೇ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಲೇ? ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ, ಸಾಮರ್ಥ್ಯ 8.5 ಟಿಎಂಸಿ. ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಈ ಅಂಕಿ ನೋಡುತ್ತೀರಿ. ಅದರ ಹಿಂದೆ ರಾತ್ರಿಯಿಡೀ ಎಚ್ಚರವಾಗಿ ಒಳಹರಿವು, ಹೊರಹರಿವು ಬರೆದುಕೊಳ್ಳುವ ಜನ ಇದ್ದಾರೆ. ಮೇಲೆ ಮಾದಾಪುರ ಕಡೆ ಮಳೆ ಜೋರಾದರೆ ಗೇಟು ಎಷ್ಟು ಎತ್ತಬೇಕು, ಯಾವಾಗ ಎತ್ತಬೇಕು? ತಡ ಮಾಡಿದರೆ ಅಣೆಕಟ್ಟಿಗೆ ಒತ್ತಡ. ಒಮ್ಮೆಲೇ ಬಿಟ್ಟರೆ ಕೆಳಗೆ ಕುಶಾಲನಗರದ ಬಡಾವಣೆಗೆ ನೀರು. ಆ ತೀರ್ಮಾನಕ್ಕೆ ಬೇಕಾದ ಲೆಕ್ಕ ಜಲವಿಜ್ಞಾನ ಅನ್ನುವ ವಿಷಯದಲ್ಲಿದೆ. ನಮ್ಮ ಕಾಲದಲ್ಲಿ ಹುಡುಗರು ಅದನ್ನು ಸುಲಭದ ಪೇಪರ್ ಅಂತ ಹಗುರವಾಗಿ ತಗೊಳ್ಳುತ್ತಿದ್ದರು. ನೀನು ಹಾಗೆ ಮಾಡಬೇಡ.

ಸುಂಟಿಕೊಪ್ಪ_ಮಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಆದರೆ ಪೂರ್ತಿ ಕೇಳಿಸಿಕೊಂಡರು. ಈ ಕೆಲಸದಲ್ಲಿರುವ ಅಕ್ಕಂದಿರು ಯಾರಾದರೂ ಇದ್ದೀರಾ? ಮತ್ತೆ ಆ ಬರೆ ಪ್ರಶ್ನೆ ಹಾಗೇ ಉಳಿಯಿತು.

ಬರೆ_ನೋಡುವವಳು

ಇದ್ದೇನೆ ತಂಗಿ. ಊರು ನಾಪೋಕ್ಲು. ಬಿಇ ಸಿವಿಲ್ ಆದ ಮೇಲೆ ಎಂ.ಟೆಕ್.ನಲ್ಲಿ ಜಿಯೋಟೆಕ್ನಿಕಲ್, ಅಂದರೆ ಮಣ್ಣು, ಬಂಡೆಯ ಎಂಜಿನಿಯರಿಂಗ್ ಓದಿದೆ. ರಸ್ತೆ ಬದಿಯ ಇಳಿಜಾರುಗಳ ತನಿಖೆಯೇ ನನ್ನ ಕೆಲಸ. ಗಂಬೂಟು ಹಾಕಿ ಗುಡ್ಡ ಹತ್ತುತ್ತೇನೆ, ಬೋರ್‌ಹೋಲ್ ತೆಗೆಸುತ್ತೇನೆ, ಆಫೀಸಿಗೆ ಬಂದು ಲೆಕ್ಕ ಹಾಕುತ್ತೇನೆ. ಹೆಂಗಸರಿಗೆ ಸೈಟಿನಲ್ಲಿ ಇರುವ ದೊಡ್ಡ ತೊಂದರೆ ಶೌಚಾಲಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳುತ್ತೇನೆ, ನೀನೂ ಕೇಳು. ನಾಚಿಕೆ ಪಡಬೇಡ.

ಈಗ ನಿನ್ನ ಪ್ರಶ್ನೆ. ನೋಡದೆ ಆ ಬರೆಯ ಬಗ್ಗೆ ತೀರ್ಪು ಕೊಡಲಾರೆ. ಆದರೆ ಒಂದು ಬರೆ ನಿಲ್ಲುವುದು, ಇನ್ನೊಂದು ಜರಿಯುವುದು ಹೇಗೆ ಅಂತ ಹೇಳುತ್ತೇನೆ.

ಮಣ್ಣಿನ ಕಣಗಳು ಒಂದಕ್ಕೊಂದು ಒತ್ತಿ ಹಿಡಿದುಕೊಂಡಿರುವುದರಿಂದ ಗುಡ್ಡ ನಿಲ್ಲುತ್ತದೆ. ಮಳೆ ನೀರು ಇಳಿದು ಕಣಗಳ ನಡುವಿನ ಜಾಗ ತುಂಬಿದಾಗ ಆ ನೀರು ಕಣಗಳನ್ನು ಹೊರಕ್ಕೆ ದೂಡುತ್ತದೆ. ಹಿಡಿತ ಸಡಿಲವಾಗುತ್ತದೆ. ಮೇಲಿನ ಭಾರ ಮಾತ್ರ ಕಡಿಮೆಯಾಗುವುದಿಲ್ಲ, ನೀರು ಕುಡಿದ ಮಣ್ಣು ಇನ್ನೂ ಭಾರ. ಟೆರ್ಜಾಘಿ ಅನ್ನುವ ಎಂಜಿನಿಯರ್ 1920ರ ದಶಕದಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಮಣ್ಣಿನ ಬಲ ನಿಂತಿರುವುದು ಒಟ್ಟು ಒತ್ತಡದಲ್ಲಿ ನೀರಿನ ಒತ್ತಡ ಕಳೆದು ಉಳಿದದ್ದರ ಮೇಲೆ. ನನ್ನ ಇಡೀ ಕೆಲಸ ಈ ಒಂದು ಕಳೆಯುವ ಲೆಕ್ಕದ ಮೇಲೆ ನಿಂತಿದೆ.

ಹಾಗಾಗಿ ಎರಡು ಬರೆಗಳ ಮೇಲೆ ಒಂದೇ ಮಳೆ ಬಿದ್ದರೂ ಒಳಗೆ ಸೇರುವ ನೀರು ಒಂದೇ ಅಲ್ಲ. ಮೇಲೆ ಹಳೆ ತೋಡು (ನೀರು ಹರಿಯುವ ಸಣ್ಣ ಕಾಲುವೆ) ಇತ್ತಾ, ಅದನ್ನು ಯಾರಾದರೂ ಮುಚ್ಚಿದರಾ? ರಸ್ತೆಯ ಚರಂಡಿ ನೀರು ಎಲ್ಲಿಗೆ ಬೀಳುತ್ತಿತ್ತು? ಕೆಳಗೆ ಮನೆಗೋ ಹೋಂಸ್ಟೇಗೋ ಜಾಗ ಮಾಡಲು ಜೆಸಿಬಿಯಲ್ಲಿ ಬುಡ ಕಡಿದಿದ್ದರಾ? ಬುಡ ಕಡಿದ ಬರೆ ಬೇಸಿಗೆಯಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಅದನ್ನು ನೋಡಿ ನಾವು ಮೋಸ ಹೋಗುತ್ತೇವೆ. 2018ರ ನಂತರ ಭೂವಿಜ್ಞಾನಿಗಳು ಹೇಳಿದ್ದೂ ಇದನ್ನೇ. ಸುರಿದ ಮಳೆಯ ಜೊತೆಗೆ ಇಳಿಜಾರನ್ನು ಜನ ಕಡಿದು ಬದಲಾಯಿಸಿದ್ದೂ ಸೇರಿತು. ಹಾಗಂತ ಎಲ್ಲದಕ್ಕೂ ಜನರೇ ಕಾರಣ ಅಂತಲೂ ಅಲ್ಲ. ಕಡಿದು ಮನೆ ಕಟ್ಟದ ಕಾಡಿನ ಗುಡ್ಡಗಳೂ ಜರಿಯುತ್ತವೆ.

ಒಂದು ಲೆಕ್ಕ ಕೊಡುತ್ತೇನೆ, ಅಪ್ಪನಿಗೂ ತೋರಿಸು. ಮನೆ ಹಿಂದೆ 3 ಮೀಟರ್ ಎತ್ತರದ ತಡೆಗೋಡೆ ಇದೆ ಅಂದುಕೋ. ಹಿಂದೆ ಸಾಧಾರಣ ಒಣ ಮಣ್ಣಿದ್ದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2.7 ಟನ್ ತಳ್ಳುತ್ತದೆ. ನೀರು ಹೊರಹೋಗಲು ದಾರಿ ಇಲ್ಲದೆ ಹಿಂದೆ ಪೂರ್ತಿ ತುಂಬಿಕೊಂಡರೆ ಅದೇ ಗೋಡೆಯನ್ನು ತಳ್ಳುವುದು ಸುಮಾರು 6 ಟನ್. ಅದರಲ್ಲಿ ನಾಲ್ಕೂವರೆ ಟನ್ ಬರೀ ನೀರಿನದು. ಗೋಡೆ ಬೀಳುವುದು ಸಿಮೆಂಟ್ ಕಡಿಮೆ ಹಾಕಿದ್ದರಿಂದಲೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಬಿದ್ದ ಗೋಡೆಗಳಲ್ಲಿ ಹೆಚ್ಚಿನವು ನೀರಿಗೆ ದಾರಿ ಇಡದೆ ಬಿದ್ದವು.

ಇದನ್ನು ಓದಿ ನಿನಗೆ ಇನ್ನೂ ಹತ್ತು ಪ್ರಶ್ನೆ ಹುಟ್ಟಿದರೆ ಸಿವಿಲ್ ತಗೋ. ತಲೆನೋವು ಬಂದರೆ ಬೇಡ.

ಮಾದಾಪುರ_ಕಂಟ್ರಾಕ್ಟರ್

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಸೈಟಿನ ಕಷ್ಟವನ್ನೂ ಕೇಳಿ. ಕೊಡಗಿನಲ್ಲಿ ನಮಗೆ ಕೆಲಸದ ವರ್ಷ ಅಂದರೆ ಅಕ್ಟೋಬರ್‌ನಿಂದ ಮೇವರೆಗೆ. ಅದರಲ್ಲೂ ಡಿಸೆಂಬರ್ ಬಂದರೆ ಆಳುಗಳು ಕಾಫಿ ಕುಯ್ಲಿಗೆ ಹೋಗುತ್ತಾರೆ. ಉಳಿದ ದಿನಗಳಲ್ಲಿ ಪಾಯ, ಗೋಡೆ, ಮೋಲ್ಡ್ ಎಲ್ಲ ಮುಗಿಯಬೇಕು. ಮನೆಯವರು ಟೈಲ್ಸ್‌ಗೆ ಲಕ್ಷ ಲಕ್ಷ ಕೊಡುತ್ತಾರೆ, ತಡೆಗೋಡೆಯ ಹಿಂದೆ ಜಲ್ಲಿ ತುಂಬಿಸಿ ಪೈಪ್ ಇಡೋಣ ಅಂದರೆ ಯಾಕೆ ದಂಡದ ಖರ್ಚು ಅಂತಾರೆ. ಕ್ಯೂರಿಂಗ್ ವಿಷಯವೂ ಹಾಗೇ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಬಿಡಬೇಕು ಅಂತ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲೇ ಇದೆ. ಮಂಜು ಬಿದ್ದಿದೆ, ತಂಪಾಗಿದೆ, ಸಾಕು ಅಂತ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ.

ಹುಡುಗಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಓದಿದ ಎಂಜಿನಿಯರ್ ನಮ್ಮ ಊರುಗಳಿಗೆ ಬೇಕು. ಮಡಿಕೇರಿಯಲ್ಲಿ, ಸೋಮವಾರಪೇಟೆಯಲ್ಲಿ ಮನೆ ನಕ್ಷೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಈ ಜಾಗದಲ್ಲಿ ಕಟ್ಟಬೇಡಿ, ಹತ್ತಡಿ ಮುಂದೆ ಕಟ್ಟಿ ಅಂತ ಕಾರಣ ಕೊಟ್ಟು ಹೇಳುವವರು ಕಡಿಮೆ.

ಬರೆ_ನೋಡುವವಳು

ಕಂಟ್ರಾಕ್ಟರ್ ಅಣ್ಣ, ನಿಮ್ಮ ಕೊನೆಯ ಸಾಲಿಗೆ ನೂರಕ್ಕೆ ನೂರು ಅಂಕ. ಗುಡ್ಡಗಾಡಿನ ತಡೆಗೋಡೆಗೆ ಅಂತಲೇ ಐಎಸ್ 14458 ಇದೆ. ಅದನ್ನು ಓದಿದ ಒಬ್ಬ ಎಂಜಿನಿಯರ್ ತಾಲೂಕಿಗೆ ಒಬ್ಬರಂತೆ ಇದ್ದರೂ ಎಷ್ಟೋ ಮನೆ ಉಳಿದಾವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳು ವಯನಾಡು. ಘಟ್ಟದ ಉದ್ದಕ್ಕೂ ಈ ಕೆಲಸ ಇದೆ. ರಸ್ತೆ, ರೈಲು, ವಿದ್ಯುತ್ ಯೋಜನೆ ಮಾಡುವವರೆಲ್ಲ ನನ್ನಂಥವರನ್ನು ಹುಡುಕುತ್ತಾರೆ. ಆದರೆ ಮನೆ ಕಟ್ಟುವವರು ಹುಡುಕುವುದಿಲ್ಲ. ಆದ್ದರಿಂದ ಬರೀ ಕೊಡಗಿನ ಮನೆಗಳನ್ನು ನಂಬಿದರೆ ಇವತ್ತಿಗೆ ಹೊಟ್ಟೆ ತುಂಬದು. ಇದನ್ನೂ ತಂಗಿಗೆ ಹೇಳಿಬಿಡಬೇಕು.

ಮಾಜಿ_ಸ್ಯಾಪರ್

ಕೊಡಗಿನಲ್ಲಿ ಕೂತು ಯಾರೂ ಸೇನೆಯ ಮಾತೇ ಎತ್ತಲಿಲ್ಲ! ಬಿಇ ಸಿವಿಲ್ ಆದವರು ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್ ಮೂಲಕ ಡೆಹ್ರಾಡೂನ್‌ನ ಸೇನಾ ಅಕಾಡೆಮಿಗೆ ಹೋಗಿ ಅಧಿಕಾರಿ ಆಗಬಹುದು. ಲಿಖಿತ ಪರೀಕ್ಷೆ ಇಲ್ಲ. ಪದವಿಯ ಅಂಕ ನೋಡಿ ಕರೆಯುತ್ತಾರೆ, ಆಮೇಲೆ ಎಸ್‌ಎಸ್‌ಬಿ ಅನ್ನುವ ಸೇನೆಯ ಸಂದರ್ಶನ. ಹೆಣ್ಣುಮಕ್ಕಳಿಗೆ ಶಾರ್ಟ್ ಸರ್ವಿಸ್ ಟೆಕ್ನಿಕಲ್ ಎಂಟ್ರಿ ಇದೆ. ನಾನು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿದ್ದವನು. ಪ್ರವಾಹ ಬಂದ ಊರಿಗೆ ಸೇತುವೆ ಜೋಡಿಸಿ, ಆಚೆ ದಡದ ಜನ ದಾಟಿ ಬರುವುದನ್ನು ನೋಡಿದ್ದೇನೆ. ಅದನ್ನು ಮರೆಯಲು ಆಗುವುದಿಲ್ಲ. ಗಡಿ ರಸ್ತೆ ಸಂಸ್ಥೆ, ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ನಲ್ಲೂ ಸಿವಿಲ್‌ನವರೇ ಜಾಸ್ತಿ.

ಕಾಫಿ_ಕಣ

ಬರೆ ನೋಡುವ ಮೇಡಂಗೆ ಒಂದು ಪ್ರಶ್ನೆ. ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳ ಹಿಂದೆ ಹೋದ ವರ್ಷ ಕಲ್ಲಿನ ಗೋಡೆ ಕಟ್ಟಿಸಿದೆ. ನೀರು ಹೋಗಲು ಒಂದೂ ತೂತು ಇಟ್ಟಿಲ್ಲ. ಈಗ ಮಧ್ಯದಲ್ಲಿ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ. ನಿಮ್ಮ ಲೆಕ್ಕ ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ನಾಲ್ಕು ಸಂಸಾರ ಇವೆ.

ಬರೆ_ನೋಡುವವಳು

ಅಂಕಲ್, ಉಬ್ಬಿದ್ದು ನಿಜವಾದರೆ ಇವತ್ತೇ ಆ ನಾಲ್ಕು ಸಂಸಾರವನ್ನು ಬೇರೆ ಕಡೆ ಮಲಗಿಸಿ. ಗೋಡೆಗೆ ಈಗಲೇ ತೂತು ಕೊರೆಸಲು ಹೋಗಬೇಡಿ, ಅದರ ಕೆಳಗೆ ಯಾರೂ ನಿಲ್ಲಬಾರದು. ಗೋಡೆಯ ಮೇಲ್ಗಡೆ ನೆಲದಲ್ಲಿ ಬಿರುಕು ಬಿಟ್ಟಿದೆಯಾ ಅಂತ ದೂರದಿಂದ ನೋಡಿ. ಮೇಲಿನಿಂದ ಹರಿದು ಬರುವ ನೀರನ್ನು ಬದಿಗೆ ತಿರುಗಿಸಲು ಆದರೆ ತಿರುಗಿಸಿ. ಫೋಟೊ ಮೆಸೇಜಿನಲ್ಲಿ ಕಳಿಸಿ. ಶನಿವಾರ ನಾನು ಊರಿಗೆ ಬರುತ್ತೇನೆ, ಬಂದು ನೋಡುತ್ತೇನೆ.

ಸುಂಟಿಕೊಪ್ಪ_ಮಳೆ

ಅಕ್ಕ, ಹತ್ತಲ್ಲ, ಇಪ್ಪತ್ತು ಪ್ರಶ್ನೆ ಹುಟ್ಟಿದೆ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ, ಹೇಗೆ ಹಾಕಲಿ? ಮಾವನ ಜಾಗಕ್ಕೆ ಹೋಗಿ ಎರಡೂ ಬರೆ ನೋಡಬೇಕು ಅಂತ ಆಸೆ. ಏನು ನೋಡಲಿ?

ಟೋಟಲ್_ಸ್ಟೇಷನ್

ಆಪ್ಷನ್ ಎಂಟ್ರಿಗೆ ನಾನು ಹೇಳುತ್ತೇನೆ. ನಿಜವಾಗಿ ಬೇಕಾದ್ದನ್ನು ಮೇಲೆ ಹಾಕು, ಸಿಗುತ್ತದೋ ಇಲ್ಲವೋ ಅಂತ ಹೆದರಿ ಕೆಳಗೆ ತಳ್ಳಬೇಡ. ಬೇಡವಾದ ಕಾಲೇಜು ಪಟ್ಟಿಯಲ್ಲೇ ಇರಬಾರದು. ಅದೇ ಸಿಕ್ಕಿಬಿಡಬಹುದು. ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಾಯಿಸಲು ಅವಕಾಶ ಇರುತ್ತದೆ. ಮೈಸೂರು, ಹಾಸನ, ಮಂಡ್ಯದ ಹಳೆಯ ಕಾಲೇಜುಗಳನ್ನೂ ನೋಡು, ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನೂ ನೋಡು. ಮನೆಯಿಂದ ಬಸ್ಸಿನಲ್ಲಿ ಹೋಗಿಬಂದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. 1ರಿಂದ 10ರವರೆಗೆ ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಸರ್ಟಿಫಿಕೇಟ್ ಸಿದ್ಧ ಇಟ್ಟುಕೋ.

ಬರೆ_ನೋಡುವವಳು

ಮಳೆ ಬಿಟ್ಟು ಎರಡು ದಿನ ಆಗುವವರೆಗೆ ಬರೆ ಹತ್ತಿರ ಹೋಗಬೇಡ. ಹೋದರೂ ಬುಡಕ್ಕೆ ಹೋಗಬೇಡ, ಎದುರು ರಸ್ತೆಯಲ್ಲಿ ನಿಂತು ನೋಡು. ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ ತುದಿಗೆ ಸಣ್ಣ ಕಲ್ಲು ತೂಗಿಬಿಡು. ಅದರ ನೇರ ಅಂಚನ್ನು ಬರೆಯ ಇಳಿಜಾರಿಗೆ ಸಮವಾಗಿ ಹಿಡಿದಾಗ ದಾರ ತೋರಿಸುವ ಅಂಕಿಗೂ 90ಕ್ಕೂ ಇರುವ ವ್ಯತ್ಯಾಸವೇ ಇಳಿಜಾರಿನ ಕೋನ. ಎರಡರದ್ದೂ ಬರೆದುಕೋ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಚಿತ್ರ ಬಿಡಿಸು. ಮಾವನನ್ನು ಕೇಳು, ಹಳೆ ತೋಡು ಎಲ್ಲಿತ್ತು ಅಂತ. ಇಂಥದ್ದು ಊರಿನವರಿಗೆ ನಕ್ಷೆಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಸುಂಟಿಕೊಪ್ಪ_ಮಳೆ

ಹತ್ತು ದಿನ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಮಳೆ ಬಿಡಲೇ ಇಲ್ಲ. ನಿನ್ನೆ ಹೋಗಿ ಬಂದೆವು. ಮಾವನ ಜೊತೆ ಒಬ್ಬಳೇ ಹೋಗುತ್ತೇನೆ ಅಂದಿದ್ದೆ, ಅಪ್ಪನೂ ಜೀಪು ತೆಗೆದರು.

ನಿಂತಿರುವ ಬರೆಯ ಕೋನ 35ರ ಹತ್ತಿರ ಬಂತು. ಮಾವನ ಕಡೆ ಜರಿದ ಜಾಗದ ಬದಿಯಲ್ಲಿ ಹಳೆಯ ಕಡಿತ ಸ್ವಲ್ಪ ಉಳಿದಿದೆ, ಅದು 70 ದಾಟುತ್ತದೆ. ಮೂರು ಸಲ ಅಳೆದೆ, ಎರಡು ಮೂರು ಡಿಗ್ರಿ ಆಚೀಚೆ ಬರುತ್ತಿತ್ತು. ಆ ಕಡಿತ ಯಾವಾಗ ಮಾಡಿದ್ದು ಅಂತ ಕೇಳಿದೆ. ಮಾವ ತುಂಬಾ ಹೊತ್ತು ಸುಮ್ಮನಿದ್ದು, ಕಾರು ಶೆಡ್ ಮಾಡಲು ನಾನೇ ಮಾಡಿಸಿದ್ದು ಅಂದರು. ಮೇಲಿದ್ದ ತೋಡನ್ನು ಅಜ್ಜನ ಕಾಲದಲ್ಲೇ ಕಾಫಿ ಹಾಕಲು ಮುಚ್ಚಿದ್ದರಂತೆ. ಅದೇ ಕಾರಣ ಅಂತ ನಾನು ಹೇಳಲಿಲ್ಲ ಅಕ್ಕ, ಹೇಳುವಷ್ಟು ನನಗೆ ಗೊತ್ತೂ ಇಲ್ಲ. ಮಾವನ ಮುಖ ನೋಡಿ ಪುಸ್ತಕ ಮುಚ್ಚಿಟ್ಟೆ. ಅವರೇ ತೆಗೆಸಿ, ತೋಡು ಹೋಗುತ್ತಿದ್ದ ದಾರಿಯನ್ನು ನನ್ನ ಚಿತ್ರದಲ್ಲಿ ಬೆರಳಿಟ್ಟು ತೋರಿಸಿದರು.

ವಾಪಸ್ ಬಂದ ಮೇಲೆ ಅಪ್ಪ ನಮ್ಮ ಮನೆ ಹಿಂದಿನ ಬರೆಯನ್ನೂ ಅಳೆಯಲು ಹೇಳಿದರು. 60 ಬಂತು. ಗುದ್ದಲಿ ತಗೊಂಡು ಸಂಜೆಯವರೆಗೆ ಮೇಲಿನ ಚರಂಡಿಯ ಹೂಳು ತೆಗೆದರು. ಮ್ಯಾನೇಜ್‌ಮೆಂಟ್ ಸೀಟಿನ ಮಾತು ಬರಲಿಲ್ಲ. ಇವತ್ತು ಬೆಳಿಗ್ಗೆ ಆಪ್ಷನ್ ಎಂಟ್ರಿ ಹಾಕಿದೆ. ಮೊದಲ ಆರೂ ಸಿವಿಲ್. ಕುಶಾಲನಗರ ಮೂರನೆಯದು.

ಕಾಫಿ ಕಣ ಅಂಕಲ್, ಲೈನ್ ಮನೆಯವರು ಹೇಗಿದ್ದಾರೆ?

ಕಾಫಿ_ಕಣ

ಚೆನ್ನಾಗಿದ್ದಾರೆ ಮಗಳೇ. ಎಲ್ಲರೂ ನಮ್ಮ ಹಳೆ ಗೋಡೌನಿನಲ್ಲಿದ್ದಾರೆ. ಮೇಡಂ ಶನಿವಾರ ಬಂದು ನೋಡಿದರು. ಮಳೆಗಾಲ ಮುಗಿಯುವವರೆಗೆ ಯಾರೂ ಆ ಕಡೆ ಹೋಗಬಾರದು, ಅಕ್ಟೋಬರ್‌ನಲ್ಲಿ ಗೋಡೆ ಬಿಚ್ಚಿ ಹೊಸದಾಗಿ ಕಟ್ಟಬೇಕು ಅಂದರು. ಮಾದಾಪುರದ ಕಂಟ್ರಾಕ್ಟರ್ ಒಪ್ಪಿಕೊಂಡಿದ್ದಾರೆ. ಈ ಸಲ ಜಲ್ಲಿ, ಪೈಪು ಎಲ್ಲ ಹಾಕಿಸುತ್ತೇನೆ. ನಿನಗೆ ರಜೆ ಇದ್ದರೆ ಆಗ ಬಂದು ನೋಡು.